ಹಲಗೆಯ ಮೇಲಿನ ಚೀನ

ಸಂಜೆ ದೀಪ ಹತ್ತುವ ಹೊತ್ತಿಗೆ ಹುಬ್ಬಳ್ಳಿಯ ಯಾವ ಬೀದಿಯ ತಿರುವಿನಲ್ಲಿ ನಿಂತರೂ ಸರಿಯೆ, ಹಳಿಯಾಳದ ಪೇಟೆಗೆ ಹೋದರೂ ಸರಿಯೆ, ದಾಂಡೇಲಿಯ ಬಸ್ ನಿಲ್ದಾಣದ ಬಳಿ ಇಳಿದರೂ ಸರಿಯೆ, ಕೆಂಪು ಅಕ್ಷರದ ಹಲಗೆಯೊಂದು ಕಣ್ಣಿಗೆ ಬೀಳದೆ ಇರದು: ‘ಚೈನೀಸ್’. ಹಲಗೆಯ ಕೆಳಗೆ ಒಂದು ಕೈಗಾಡಿ. ಗಾಡಿಯ ಮೇಲೆ ಭೋರೆಂದು ಉರಿಯುವ ಒಲೆ. ಒಲೆಯ ಮೇಲೆ ಕಪ್ಪಾದ ಬಾಣಲೆ. ಅದರಲ್ಲಿ ಹೂಕೋಸು ಗೋಬಿ ಮಂಚೂರಿಯಾಗುತ್ತದೆ, ಅನ್ನ ಫ್ರೈಡ್ ರೈಸ್ ಆಗುತ್ತದೆ, ಶಾವಿಗೆ ನೂಡಲ್ಸ್ ಆಗುತ್ತದೆ. ಈಚೆಗೆ ಕೆಲವು ವರ್ಷಗಳಿಂದ ಪಕ್ಕದಲ್ಲಿ ಒಂದು ಅಲ್ಯೂಮಿನಿಯಂ ಅಟ್ಟಣೆಯ ಹಬೆಪಾತ್ರೆಯೂ ಬಂದು ಕುಳಿತಿದೆ, ಅದರೊಳಗೆ ಮೊಮೊ. ಇವೆಲ್ಲವೂ ಆ ಒಂದೇ ಹೆಸರಿನ ನೆರಳಲ್ಲಿ ಬೇಯುತ್ತವೆ.

ನಮ್ಮ ಭಾಗದ ಹುಡುಗರು ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೋದ ಮೇಲೆ ಅವರ ನಾಲಗೆ ಸ್ವಲ್ಪ ವಿಸ್ತಾರವಾಗುತ್ತದೆ. ಆಗ ಅವರಲ್ಲಿ ಕೆಲವರು ಒಂದು ಪ್ರಶ್ನೆಯನ್ನು ಕೇಳತೊಡಗುತ್ತಾರೆ: ಈ ಹಲಗೆಯ ಮೇಲಿನ ಚೀನವಲ್ಲದೆ ನಿಜವಾದ ಚೀನದ ಒಂದೊಂದು ಪ್ರಾಂತದ ಅಡಿಗೆ ಈ ಮಹಾನಗರದಲ್ಲಿ ಎಲ್ಲಿಯಾದರೂ ದೊರೆಯುವುದುಂಟೆ? ದೊರೆಯುವುದಾದರೆ ಅದನ್ನು ಗುರುತಿಸುವುದು ಹೇಗೆ? ಹೊಟ್ಟೆಬಾಕರ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವ ಹಿರಿಯರಿದ್ದಾರೆ. ನಮಗೆ ಹಾಗೆನ್ನಿಸುವುದಿಲ್ಲ. ಒಂದು ಹೆಸರಿನ ಹಿಂದೆ ಏನಿದೆಯೆಂದು ಕೆದಕಿ ನೋಡುವ ಬುದ್ಧಿ ತರಗತಿಯಲ್ಲಿ ಹುಟ್ಟಲಿ, ತಟ್ಟೆಯ ಮುಂದೆ ಹುಟ್ಟಲಿ, ಅದು ಒಂದೇ ಬುದ್ಧಿ. ಇನ್ನೊಂದು ಕಾರಣವೂ ಉಂಟು. ಈ ಪ್ರಶ್ನೆಯನ್ನು ಹಿಡಿದು ಹೊರಟವನು ಕೊನೆಗೆ ಬಂದು ನಿಲ್ಲುವುದು ಬೆಂಗಳೂರಿನಲ್ಲಲ್ಲ, ಮುಂಡಗೋಡದಲ್ಲಿ.

ಮೊದಲು ಚೀನದ ಮಾತು. ‘ಚೀನೀ ಅಡಿಗೆ’ ಎಂಬ ಒಂದು ಅಡಿಗೆ ಚೀನದಲ್ಲಿಲ್ಲ. ಅಲ್ಲಿಯವರೇ ಶಾಂಡೊಂಗ್, ಸಿಚುವಾನ್, ಗುವಾಂಗ್‌ಡೊಂಗ್, ಜಿಯಾಂಗ್ಸು, ಫೂಜಿಯಾನ್, ಝೆಜಿಯಾಂಗ್, ಹುನಾನ್, ಅನ್ಹುಯಿ ಎಂದು ಎಂಟು ದೊಡ್ಡ ಸಂಪ್ರದಾಯಗಳನ್ನು ಎಣಿಸುತ್ತಾರೆ; ಎಣಿಕೆಗೆ ಸಿಕ್ಕದವು ಇನ್ನೂ ಅನೇಕ. ಉತ್ತರದ ಒಣನೆಲದಲ್ಲಿ ಗೋದಿ, ಆದುದರಿಂದ ಅಲ್ಲಿ ಹಿಟ್ಟನ್ನು ಎಳೆದು ಮಾಡುವ ಶಾವಿಗೆ, ಹಬೆಯಲ್ಲಿ ಬೇಯಿಸುವ ಬನ್ನು. ದಕ್ಷಿಣದ ನೀರುನೆಲದಲ್ಲಿ ಭತ್ತ, ಆದುದರಿಂದ ಅಲ್ಲಿ ಅನ್ನ, ಅಕ್ಕಿಯ ಶಾವಿಗೆ. ಗುವಾಂಗ್‌ಡೊಂಗಿನವನು ಮೀನನ್ನು ಹಬೆಯಲ್ಲಿಟ್ಟು, ಶುಂಠಿಯ ಎಳೆ ಉದುರಿಸಿ, ಮೀನಿನ ರುಚಿ ಮೀನಿನದೇ ಆಗಿರಬೇಕೆಂದು ಹಟ ಹಿಡಿಯುತ್ತಾನೆ. ಸಿಚುವಾನಿನವನು ಅವರೆಯ ಜಾತಿಯ ಕಾಳನ್ನು ಮೆಣಸಿನಕಾಯಿಯೊಡನೆ ಹುದುಗಿಸಿ ತಿಂಗಳುಗಟ್ಟಲೆ ಭರಣಿಯಲ್ಲಿಟ್ಟು, ಆ ಕೆಂಪು ಗೊಜ್ಜಿಲ್ಲದೆ ಅಡಿಗೆಮನೆಗೆ ಕಾಲಿಡುವುದಿಲ್ಲ. ಇವರಿಬ್ಬರನ್ನೂ ಒಂದೇ ಹಲಗೆಯಡಿ ನಿಲ್ಲಿಸುವುದು, ಬಾಗಲಕೋಟೆಯ ಜೋಳದ ರೊಟ್ಟಿಯನ್ನೂ ಮಲೆನಾಡಿನ ಕೊಟ್ಟೆಕಡುಬನ್ನೂ ಮಂಡ್ಯದ ರಾಗಿಮುದ್ದೆಯನ್ನೂ ಒಂದೇ ತಪ್ಪಲೆಗೆ ಸುರಿದು ‘ಇಂಡಿಯನ್’ ಎಂದು ಚೀಟಿ ಅಂಟಿಸಿದಂತೆಯೇ ಸರಿ. ವಿದೇಶಗಳಲ್ಲಿ ನಮಗೆ ಹಾಗೆ ಮಾಡಿದ್ದಾರೆ, ನಾವು ನೊಂದುಕೊಂಡಿದ್ದೇವೆ.

ಹಾಗಾದರೆ ನಮ್ಮ ಕೈಗಾಡಿಯ ಅಡಿಗೆ ಎಲ್ಲಿಂದ ಬಂತು? ಅದರ ಚರಿತ್ರೆ ಚೆನ್ನಾದ ಚರಿತ್ರೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ, ಆಚ್ಯೂ ಎಂಬ ಚೀನೀಯನೊಬ್ಬನು ಕಲಕತ್ತೆಯ ಸಮೀಪ ಹೂಗ್ಲಿಯ ದಂಡೆಯಲ್ಲಿ ಸಕ್ಕರೆಯ ಕಾರ್ಖಾನೆ ಹೂಡಿದನು. ಅವನ ಹೆಸರಿನ ಅಚೀಪುರ ಇಂದಿಗೂ ಅಲ್ಲಿದೆ. ಅವನ ಹಿಂದೆ ಬಂದವರಲ್ಲಿ ಹಕ್ಕಾ ಜನ ಬಹುಮಂದಿ. ಅವರು ಟಾಂಗ್ರಾ ಎಂಬ ಕಡೆ ತೊಗಲು ಹದಮಾಡುವ ಉದ್ಯೋಗ ಹಿಡಿದರು. ಮುಂದೆ ಆ ಹದಮಾಡುವ ಮನೆಗಳ ಪಕ್ಕದಲ್ಲಿಯೇ ಊಟದ ಮನೆಗಳು ಎದ್ದವು. ಬಂಗಾಳಿಗಳ ನಾಲಗೆಗೆ ಒಗ್ಗುವಂತೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಸೋಯಾ ರಸ ಕೂಡಿ ಒಂದು ಹೊಸ ಪಾಕವೇ ಹುಟ್ಟಿತು. ಇಂದು ನಮ್ಮ ಹುಡುಗರು ‘ಹಕ್ಕಾ ನೂಡಲ್ಸ್’ ಎಂದು ಕೂಗಿ ಕೇಳುವಾಗ ಒಂದು ಜನಾಂಗದ ಹೆಸರನ್ನು ಉಚ್ಚರಿಸುತ್ತಿದ್ದೇವೆಂಬ ಅರಿವು ಅವರಿಗಿರುವುದಿಲ್ಲ. 1962ರ ಯುದ್ಧವಾದಾಗ ಈ ಜನರಲ್ಲಿ ಸುಮಾರು ಮೂರು ಸಾವಿರ ಮಂದಿಯನ್ನು, ಇಲ್ಲಿಯೇ ಹುಟ್ಟಿ ಬೆಳೆದವರನ್ನೂ ಬಿಡದೆ, ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಸಾಗಿಸಲಾಯಿತು. ಬಿಡುಗಡೆಯಾದ ಮೇಲೆ ಬಹಳಷ್ಟು ಮಂದಿ ಕೆನಡಾ ಮೊದಲಾದ ದೇಶಗಳಿಗೆ ಹೊರಟುಹೋದರು. ಮುಖವನ್ನೂ ಹೆಸರನ್ನೂ ನೋಡಿ ಮನುಷ್ಯನ ನಿಷ್ಠೆಯನ್ನು ನಿರ್ಣಯಿಸಿದರೆ ಏನಾಗುತ್ತದೆಂಬುದಕ್ಕೆ ಇದು ನಮ್ಮ ದೇಶದ್ದೇ ನಿದರ್ಶನ. ಮುಂದೆ ಹೇಳಬೇಕಾದ ಮಾತಿಗೆ ಇದು ಬೇಕಾಗುತ್ತದೆ.

ಮಂಚೂರಿಯ ಕಥೆ ಇನ್ನೂ ಈಚಿನದು. ಕಲಕತ್ತೆಯಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ ಎಂಬ ಪಾಕಪ್ರವೀಣರು 1975ರಲ್ಲಿ ಅಲ್ಲಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಸೋಯಾ ರಸವನ್ನೂ ಜೋಳದ ಪಿಷ್ಟವನ್ನೂ ಕೂಡಿಸಿ ಕೋಳಿಯ ಮಂಚೂರಿಯನ್ನು ಮಾಡಿದರೆಂದು ಪ್ರಸಿದ್ಧವಾಗಿದೆ. ಕೋಳಿಯ ಸ್ಥಾನದಲ್ಲಿ ಹೂಕೋಸು ಬಂದು ಕುಳಿತಮೇಲೆ ಅದು ಕನ್ನಡನಾಡಿನ ತಿಂಡಿಯೇ ಆಗಿಹೋಯಿತು. ಮಂಚೂರಿಯಾ ಪ್ರಾಂತಕ್ಕೂ ಇದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ. ನಾವು ಇದನ್ನು ಹಳಿಯುವುದಿಲ್ಲ. ಬಿಸಿಬಿಸಿಯಾಗಿ ಮಾಡಿಕೊಟ್ಟರೆ ಮಳೆಗಾಲದ ಸಂಜೆಗೆ ಅದಕ್ಕಿಂತ ಒಳ್ಳೆಯ ಸಂಗಾತಿ ಕಡಮೆ. ಆದರೆ 2024ರ ಮಾರ್ಚಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷಿಸಿದ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಪಾಯಕರವಾದ ಕೃತಕ ಬಣ್ಣಗಳು ಕಂಡುಬಂದು, ಆ ಬಣ್ಣಗಳನ್ನು ಸರಕಾರ ನಿಷೇಧಿಸಬೇಕಾಯಿತೆಂಬುದನ್ನು ಮರೆಯುವಂತಿಲ್ಲ. ಆ ಕೆಂಪು ಚೀನದ ಕೆಂಪೂ ಅಲ್ಲ, ಬ್ಯಾಡಗಿಯ ಕೆಂಪೂ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ನೆಲಕ್ಕೆ ಇಷ್ಟು ಹತ್ತಿರವಿದ್ದುಕೊಂಡು ನಾವು ಬಣ್ಣವನ್ನು ಪುಡಿಕೆಯಲ್ಲಿ ಕೊಂಡುತಂದೆವೆಂಬುದು ನಗೆಗೀಡಾದ ಸಂಗತಿ.

ಇನ್ನು ಹುಡುಗರ ಪ್ರಶ್ನೆಗೆ ಉತ್ತರ. ನಗರದಲ್ಲಿ ಪ್ರಾಂತೀಯ ಚೀನೀ ಅಡಿಗೆಯನ್ನು ಹುಡುಕುವವನು ಮೊದಲು ಹಲಗೆಯನ್ನು ಓದಲಿ. ‘ಚೈನೀಸ್, ನಾರ್ತ್ ಇಂಡಿಯನ್, ತಂದೂರಿ’ ಎಂದು ಒಂದೇ ಉಸಿರಿನಲ್ಲಿ ಬರೆದಿದ್ದರೆ ಮುಂದೆ ನಡೆಯಲಿ. ಯಾವುದೋ ಊರಿನ, ಸೀಮೆಯ ಹೆಸರಿದ್ದರೆ ನಿಲ್ಲಲಿ. ತಿಂಡಿಗಳ ಪಟ್ಟಿ ಚಿಕ್ಕದಾಗಿದ್ದಷ್ಟೂ ನಂಬಿಕೆ ಹೆಚ್ಚು: ನೂರೈವತ್ತು ಬಗೆಗಳನ್ನು ಮಾಡುವ ಮನೆಯಲ್ಲಿ ಮೂರು ಸಾರುಗಳಷ್ಟೇ ಇರುತ್ತವೆ, ಉಳಿದದ್ದೆಲ್ಲ ಹೆಸರು. ಒಳಗೆ ಉಣ್ಣುತ್ತಿರುವವರು ಯಾರು ಎಂದು ನೋಡಲಿ. ಆ ಸೀಮೆಯ ಜನ ತಮ್ಮ ಮಕ್ಕಳನ್ನು ಕರೆತಂದು ಕೂಡಿಸಿಕೊಂಡು ಉಣ್ಣುತ್ತಿದ್ದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಬಡಿಸುವವರನ್ನು ‘ಇಲ್ಲಿ ಯಾವುದು ಚೆನ್ನಾಗಿದೆ?’ ಎಂದು ಕೇಳುವುದಕ್ಕಿಂತ ‘ನೀವು ಮಧ್ಯಾಹ್ನ ಏನು ಉಂಡಿರಿ?’ ಎಂದು ಕೇಳುವುದು ಮೇಲು. ಇಷ್ಟೆಲ್ಲ ಮಾಡಿದರೂ ಬೆಂಗಳೂರಿನಲ್ಲಿ ನಿಜವಾದ ಪ್ರಾಂತೀಯ ಚೀನೀ ಅಡಿಗೆ ದೊರೆಯುವುದು ವಿರಳ. ದೊರೆತ ಕಡೆ ಅದು ಭಾರಿ ಹೋಟೆಲುಗಳ ಮೇಲಂತಸ್ತಿನಲ್ಲಿದ್ದು ಅಧ್ಯಾಪಕರ ಕೈಗೆ ಎಟುಕುವಂತಿರುವುದಿಲ್ಲ. ನಗರದ ‘ಚೈನೀಸ್’ ಅಡಿಗೆಮನೆಗಳಲ್ಲಿ ಬಾಣಲೆ ಹಿಡಿದವರಲ್ಲಿ ಬಹುಮಂದಿ ಈಶಾನ್ಯದ ರಾಜ್ಯಗಳವರು, ನೇಪಾಳದವರು, ಡಾರ್ಜೀಲಿಂಗಿನ ಕಡೆಯವರು. ಅವರಿಗೆ ತಮ್ಮದೇ ಆದ ಸೊಗಸಾದ ಅಡಿಗೆಗಳುಂಟು; ಅವನ್ನು ಮಾಡೆಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಹೇಳದೆ ಇರಲಾರೆವು. ‘ಶೆಜ್ವಾನ್’ ಎಂದು ಬರೆದ ಪದಾರ್ಥವನ್ನು ಒಂದು ತುತ್ತು ತಿಂದ ಮೇಲೆ ತುಟಿ ನಾಲಗೆಗಳು ಜುಮ್ಮೆಂದವೆ? ಬರಿಯ ಖಾರವಾದರೆ ಅದು ಸಿಚುವಾನಿನದಲ್ಲ. ಆ ಪ್ರಾಂತದ ಅಡಿಗೆಯ ಜೀವವಿರುವುದು ಒಂದು ಸಣ್ಣ ಕಾಯಿಯ ಸಿಪ್ಪೆಯಲ್ಲಿ. ಅದನ್ನು ಅಗಿದರೆ ನಾಲಗೆ ಮರಗಟ್ಟಿ ಝೇಂಕರಿಸುತ್ತದೆ. ಅವರು ಈ ಗುಣವನ್ನು ‘ಮಾ’ ಎನ್ನುತ್ತಾರೆ, ಖಾರವನ್ನು ‘ಲಾ’ ಎನ್ನುತ್ತಾರೆ. ಎರಡೂ ಕೂಡಿ ‘ಮಾಲಾ’. ಈಗ ನಮ್ಮ ವಾಚಕರು ಜೋಯಿಡಾ, ಕಾರವಾರದ ಕಡೆಯ ಅಡಿಗೆಮನೆಯೊಂದನ್ನು ನೆನೆಯಬೇಕು. ಬಂಗುಡೆ ಮೀನಿನ ಸಾರಿಗೆ ಅಲ್ಲಿಯ ಹೆಂಗಸರು ಒಣಗಿದ ಒಂದು ಹಿಡಿ ಕಾಯನ್ನು ಹಾಕುತ್ತಾರೆ. ಕೊಂಕಣಿಯಲ್ಲಿ ಅದು ತೆಪ್ಪಲ, ಮರಾಠಿಯಲ್ಲಿ ತಿರಫಳ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಅದು ಸಿಚುವಾನಿನ ಕಾಯಿಗೆ ಒಡಹುಟ್ಟು, ಒಂದೇ ಕುಲ. ಕನ್ನಡದಲ್ಲಿ ಅದರ ಹೆಸರೇನು ಬಲ್ಲಿರಾ? ಜುಮ್ಮಿನಕಾಯಿ. ಎಲ್ಲಿಯ ಸಿಚುವಾನ್, ಎಲ್ಲಿಯ ಘಟ್ಟದ ಕಾಡು! ಎರಡು ಕಡೆಯ ಜನರೂ ಒಂದೇ ಅನುಭವವನ್ನು ಹಿಡಿದು ಮಾತು ಕಟ್ಟಿದ್ದಾರೆ. ಹಲಗೆಯ ಮೇಲೆ ‘ಶೆಜ್ವಾನ್’ ಎಂದು ಬರೆದು ಬಾಟಲಿಯ ಕೆಂಪು ಗೊಜ್ಜನ್ನು ಸುರಿಯುವ ದಾಂಡೇಲಿಯ ಗಾಡಿಯವರು, ಅಲ್ಲಿಂದ ಇಳಿದು ಜೋಯಿಡಾದ ಸಂತೆಗೆ ಹೋದರೆ ಸಿಚುವಾನಿಗೆ ಇನ್ನಷ್ಟು ಹತ್ತಿರವಾಗುತ್ತಾರೆ.

ಇನ್ನು ಮುಂಡಗೋಡ. ಹುಬ್ಬಳ್ಳಿಯಿಂದ ಬರುವ ರಸ್ತೆಯಲ್ಲಿ, ಊರು ಸಿಕ್ಕುವುದಕ್ಕೆ ಮೊದಲೇ, ಗೋವಿನಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಬಾವುಟಗಳೂ ಚಿನ್ನದ ಬಣ್ಣದ ಮಾಡುಗಳೂ ಕಾಣತೊಡಗುತ್ತವೆ. 1959ರಲ್ಲಿ ದಲಾಯಿ ಲಾಮಾ ಅವರು ಲ್ಹಾಸಾವನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಮಂದಿ ಹಿಮವನ್ನು ದಾಟಿ ಬಂದರು. ಮೊದಲು ಬೈಲುಕುಪ್ಪೆಯಲ್ಲಿ, ಆಮೇಲೆ 1966ರಲ್ಲಿ ಮುಂಡಗೋಡದಲ್ಲಿ ಅವರಿಗೆ ನೆಲ ದೊರೆಯಿತು. ಆಗ ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ಯವೆ ಬೆಳೆದು, ಚಮರೀಮೃಗ ಮೇಯಿಸಿ, ತಣ್ಣನೆಯ ಗಾಳಿಯಲ್ಲಿ ಬಾಳಿದವರು ಕಾಡು ಕಡಿದು, ಸೆಕೆಯಲ್ಲಿ ಬೆಂದು, ಗೋವಿನಜೋಳ ಭತ್ತಗಳ ಕೃಷಿ ಕಲಿತರು. ಲ್ಹಾಸಾದ ಬಳಿ 1409ರಲ್ಲಿ ಸ್ಥಾಪಿತವಾದ ಗಾಂದೆನ್ ಮತ್ತು 1416ರಲ್ಲಿ ಸ್ಥಾಪಿತವಾದ ಡ್ರೆಪುಂಗ್ ವಿಹಾರಗಳು ಇಲ್ಲಿ ಮತ್ತೆ ಕಣ್ತೆರೆದವು. ಇವುಗಳ ವಿಳಾಸ ಇಂದು ‘ಲಾಮಾ ಕ್ಯಾಂಪ್’ ಒಂದು, ಎರಡು ಎಂಬ ಸಂಖ್ಯೆಗಳಲ್ಲಿದೆ. ವಿಹಾರಗಳನ್ನು ನೋಡಲು ಬರುವವರು ಬಹಳ. ಅವರ ಅಡಿಗೆಮನೆಯ ಬಾಗಿಲಿಗೆ ಹೋಗುವವರು ಕಡಮೆ.

ಆ ಬಾಗಿಲುಗಳು ಚಿಕ್ಕವು. ನಾಲ್ಕು ಮೇಜು, ಗೋಡೆಯ ಮೇಲೆ ದಲಾಯಿ ಲಾಮಾ ಅವರ ಭಾವಚಿತ್ರ, ಒಳಗಿನಿಂದ ಹಬೆಯ ವಾಸನೆ. ಒಳಗಿರುವ ಹಿರಿಯಳನ್ನು ಅವರು ‘ಅಮಾ ಲಾ’ ಎಂದು ಕರೆಯುತ್ತಾರೆ. ‘ಅಮಾ’ ಎಂದರೆ ಅಮ್ಮ. ‘ಲಾ’ ಎಂಬುದು ನಮ್ಮ ಹುಬ್ಬಳ್ಳಿ ಧಾರವಾಡದ ‘ರೀ’ ಇದ್ದ ಹಾಗೆ, ಮರ್ಯಾದೆಯ ಬಾಲ. ‘ಅಮ್ಮಾರೀ’ ಎಂದು ನಾವು ಕರೆದರೂ ಅವರು ಓಗೊಡುತ್ತಾರೆ. ಈ ಭಾಗದ ಕನ್ನಡ ಅವರಲ್ಲಿ ಅನೇಕರಿಗೆ ಚೆನ್ನಾಗಿ ಬರುತ್ತದೆ. ಅಲ್ಲಿ ಕೇಳತಕ್ಕ ಪದಾರ್ಥಗಳಲ್ಲಿ ಮೊದಲನೆಯದು ಮೊಮೊವಲ್ಲ, ಥೆನ್‌ಥುಕ್. ಗೋದಿಯ ಹಿಟ್ಟನ್ನು ನಾದಿ ಪಟ್ಟಿಯಾಗಿ ಎಳೆದು, ಹೆಬ್ಬೆರಳಿನಿಂದ ಹರಿದು ಹರಿದು ಕುದಿಯುವ ಸಾರಿಗೆ ಎಸೆಯುತ್ತಾರೆ. ತುಂಡುಗಳು ಒಂದರಂತೆ ಒಂದಿರುವುದಿಲ್ಲ. ಅದೇ ಅದರ ರುಚಿ. ತಿಬೇತಿನ ಈಶಾನ್ಯದ ಅಮ್ದೊ ಸೀಮೆಯಲ್ಲಿ ಇದು ಮನೆಮನೆಯ ಊಟ. ಥುಕ್ಪ ಎಂಬುದು ಇಂಥ ಸಾರುಗಳಿಗೆಲ್ಲ ಸಾಮಾನ್ಯವಾದ ಹೆಸರು. ಟಿಂಗ್ಮೊ ಎಂಬುದು ಹಬೆಯಲ್ಲಿ ಬೆಂದ ಬಿಳಿಯ ಬನ್ನು, ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಸಾರಿನಲ್ಲಿ ಅದ್ದಿ ತಿನ್ನುವುದು. ಶಾಬಲೆ ಎಂಬುದು ಮಾಂಸದ ಹೂರಣವಿಟ್ಟು ಕರಿದ ಕರ್ಜಿಕಾಯಿ. ಫಿಂಗ್ ಎಂಬುದು ಹೆಸರುಕಾಳಿನ ಪಿಷ್ಟದ ಗಾಜಿನಂಥ ಶಾವಿಗೆ. ಲಾಫಿಂಗ್ ಕೂಡ ಪಿಷ್ಟದ್ದೇ, ಆದರೆ ತಣ್ಣಗೆ, ಗಟ್ಟಿ ಗಂಜಿಯಂತೆ ಹೆಪ್ಪುಗಟ್ಟಿಸಿ ಕೊಯ್ದು ಬೆಳ್ಳುಳ್ಳಿ ಖಾರದಲ್ಲಿ ಅದ್ದಿ ಕೊಡುವಂಥದು. ಪಕ್ಕದಲ್ಲಿ ಸೆಪೆನ್ ಎಂಬ ಮೆಣಸಿನಕಾಯಿ ಚಟ್ನಿ. ಅದರಲ್ಲಿ ಕೆಲವೊಮ್ಮೆ ಎಮ್ಮ ಎಂಬ ಕಾಯಿ ಇರುತ್ತದೆ: ನಮ್ಮ ಎಮ್ಮೆಗೂ ಅದಕ್ಕೂ ಸಂಬಂಧವಿಲ್ಲ, ಅದೇ ಹಿಂದೆ ಹೇಳಿದ ಜುಮ್ಮಿನಕಾಯಿಯ ಬಳಗ. ಬೆಣ್ಣೆಯನ್ನೂ ಉಪ್ಪನ್ನೂ ಹಾಕಿ ಕಡೆದ ಚಹವನ್ನು ಮೊದಲ ಸಲ ಕುಡಿದವರು ಚಹವೆಂದು ಭಾವಿಸಿ ಮುಖ ಹಿಂಡುತ್ತಾರೆ. ಸಾರೆಂದು ಭಾವಿಸಿ ಕುಡಿದರೆ ಹಿತವಾಗುತ್ತದೆ.

ಮಾಂಸ ತಿನ್ನದ ವಾಚಕರು ಅಂಜಬೇಕಾಗಿಲ್ಲ. ಎಲೆಕೋಸಿನ, ಆಲೂಗಡ್ಡೆಯ ಮೊಮೊಗಳೂ ತರಕಾರಿಯ ಥೆನ್‌ಥುಕ್ಕೂ ದೊರೆಯುತ್ತವೆ; ಮೊದಲೇ ಕೇಳಿ ತಿಳಿದುಕೊಂಡರಾಯಿತು.

ಈಗ ತೊಡಕಿನ ಮಾತಿಗೆ ಬರೋಣ. ಈ ಅಡಿಗೆಯನ್ನು ಚೀನೀ ಅಡಿಗೆ ಎನ್ನಬಹುದೆ? ಅಡಿಗೆಯ ಸಂಬಂಧಗಳನ್ನು ನೋಡಿದರೆ ನಂಟು ಸ್ಪಷ್ಟವಾಗಿಯೇ ಇದೆ. ಮೊಮೊ ಎಂಬ ಮಾತು ಉತ್ತರ ಚೀನದಲ್ಲಿ ಹಬೆಯ ಬನ್ನಿಗೆ ಹೇಳುವ ಮಾತಿನಿಂದ ಬಂತೆಂದು ಹಲವರ ಅಭಿಪ್ರಾಯ. ಲಾಫಿಂಗ್ ಎಂಬ ಹೆಸರು ಸಿಚುವಾನಿನ ಲಿಯಾಂಗ್‌ಫೆನ್ ಎಂಬುದರ ತಿಬೇತಿ ರೂಪ. ಅವರು ಕಡೆಯುವ ಚಹದ ಇಟ್ಟಿಗೆಗಳು ಶತಮಾನಗಳ ಕಾಲ ಸಿಚುವಾನಿನಿಂದ ಕುದುರೆಗಳ ಹಾದಿಯಲ್ಲಿ ಲ್ಹಾಸಾಕ್ಕೆ ಬಂದವು; ಆ ಚಹದ ಹೆಸರೂ ಚೀನದ್ದೇ. ಹಾಗೆ ನೋಡಿದರೆ ನಮ್ಮ ಹಳಿಯಾಳದವರು ‘ಚಾ ಕುಡೀರಿ’ ಎನ್ನುವಾಗಲೂ ಚೀನದ ಮಾತನ್ನೇ ಆಡುತ್ತಾರೆ. ನಮ್ಮ ಮನೆಗಳ ಚೀನಿಕಾಯಿಯ ಹೆಸರಿನಲ್ಲಿ ಚೀನವಿದೆ. ನಮ್ಮ ಕಾವ್ಯಗಳ ಚೀನಾಂಬರದಲ್ಲಿಯೂ ಇದೆ. ಏಳನೆಯ ಶತಮಾನದಲ್ಲಿ ದಕ್ಷಿಣಕ್ಕೆ ಬಂದ ಚೀನೀ ಯಾತ್ರಿಕ ಹುಯೆನ್ ತ್ಸಾಂಗನು ಹೇಳುವ ಕೊಂಕಣಪುರವು ನಮ್ಮ ಬನವಾಸಿಯೇ ಎಂದು ಊಹಿಸಿದ ವಿದ್ವಾಂಸರೂ ಉಂಟು. ಬೇರೆ ಊರನ್ನು ಹೇಳುವವರೂ ಉಂಟು. ಕೊಟ್ಟು ತೆಗೆದುಕೊಂಡ ಮಾತ್ರಕ್ಕೆ ಯಾರೂ ಯಾರೂ ಆಗಿಬಿಡುವುದಿಲ್ಲ. ಚಾ ಕುಡಿಯುವ ಹಳಿಯಾಳ ಚೀನವಾಗಲಿಲ್ಲ.

ತಮ್ಮ ನಾಡು ಚೀನದ ಕೈಸೇರಿದ ಕಾರಣಕ್ಕೆ ಮನೆಮಠಗಳನ್ನು ಬಿಟ್ಟು ಬಂದವರು ಇವರು. ಆರು ದಶಕಗಳಿಗಿಂತ ಹೆಚ್ಚುಕಾಲ ಅವರು ಉಳಿಸಿಕೊಂಡಿರುವುದು ನುಡಿಯನ್ನು, ಧರ್ಮವನ್ನು, ಅಡಿಗೆಯನ್ನು. ಹೊತ್ತು ತರುವುದಕ್ಕೆ ಸಾಧ್ಯವಾದದ್ದೂ ಅಷ್ಟೆ. ಆ ಅಡಿಗೆಯ ಮೇಲೆ ನಾವು ಹುಬ್ಬಳ್ಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ‘ಚೈನೀಸ್ ಮೊಮೊ’ ಎಂದು ಹಲಗೆ ತೂಗುಹಾಕಿದ್ದೇವೆ. ಬರೆದವರಲ್ಲಿ ದುರುದ್ದೇಶವಿಲ್ಲವೆಂಬುದು ನಿಜ. ಅವರಿಗೆ ಗಿರಾಕಿ ಬಂದರೆ ಸಾಕು. ತಿನ್ನುವವರಲ್ಲಿಯೂ ದುರುದ್ದೇಶವಿಲ್ಲ. ಆದರೆ ಚಳಿಗಾಲದಲ್ಲಿ ಸ್ವೆಟರ್ ಮಾರಲು ನಮ್ಮ ಪೇಟೆಗಳಿಗೆ ಬರುವ ಮುಂಡಗೋಡದ ಹೆಂಗಸು ಆ ಹಲಗೆಯನ್ನು ಓದಿಕೊಂಡು ಹೋಗುತ್ತಾಳಲ್ಲ, ಆಕೆಗೆ ಹೇಗಾಗುತ್ತಿರಬೇಕು? ಅವರ ಹುಡುಗರನ್ನು ನಮ್ಮ ಪೇಟೆಯಲ್ಲಿ ‘ಚೀನಾದವರು’ ಎಂದು ಕೂಗಿ ಕರೆಯುವುದೂ ಇದೇ ಹಲಗೆಯ ಮರಿ. 1962ರಲ್ಲಿ ಕಲಕತ್ತೆಯ ಚೀನೀಯರಿಗೆ ನಾವು ‘ನೀವು ಇಲ್ಲಿಯವರಲ್ಲ’ ಎಂದೆವು. ತಿಬೇತಿನಿಂದ ಓಡಿಬಂದವರಿಗೆ ಈಗ ‘ನೀವು ಅಲ್ಲಿಯವರು’ ಎನ್ನುತ್ತಿದ್ದೇವೆ. ಎರಡಕ್ಕೂ ಮೂಲ ಒಂದೇ: ಕಣ್ಣಿಗೆ ಕಂಡದ್ದಕ್ಕೆ ಹತ್ತಿರದ ಹೆಸರನ್ನು ಅಂಟಿಸಿ ಮುಂದಕ್ಕೆ ಹೋಗುವ ಆತುರ.

‘ಹೆಸರಿನಲ್ಲೇನಿದೆ, ರುಚಿ ಇದ್ದರಾಯಿತು’ ಎನ್ನುವವರಿಗೆ ಕನ್ನಡ ಓದಿದವರು ಕೊಡಬೇಕಾದ ಉತ್ತರವೊಂದಿದೆ. ನಮ್ಮ ಪೂರ್ವಿಕರು ತಿಂದದ್ದಕ್ಕೆಲ್ಲ ಹೆಸರಿಟ್ಟು ಬರೆದಿಟ್ಟವರು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುವುದರಿಂದಲೇ ಇಡ್ಲಿಯ ಚರಿತ್ರೆ ಬರೆಯುವವರು ಇಂದಿಗೂ ಕನ್ನಡದಿಂದ ಆರಂಭಿಸಬೇಕಾಗಿದೆ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಸೂಪಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲು. ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅರಮನೆಯ ಭೋಜನವನ್ನು ವಿಸ್ತರಿಸಿ ಹೇಳಿದನು. ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಹಾಡಿದನು. ಇವರಲ್ಲಿ ಯಾರೊಬ್ಬರಾದರೂ ‘ಇತ್ಯಾದಿ ತಿಂಡಿಗಳು’ ಎಂದು ಬರೆದು ಕೈತೊಳೆದುಕೊಂಡಿದ್ದರೆ ನಮಗೆ ಏನು ಉಳಿಯುತ್ತಿತ್ತು? ಹೆಸರು ಹೋದ ತಿಂಡಿ ಎರಡು ತಲೆಮಾರಿನಲ್ಲಿ ಹೋಗುತ್ತದೆ. ಮೂರನೆಯ ತಲೆಮಾರಿಗೆ ಅದು ಇತ್ತೆಂಬುದೇ ತಿಳಿಯುವುದಿಲ್ಲ.

ಮುಂಡಗೋಡದ ಅಡಿಗೆಮನೆಗೆ ಈ ಅಪಾಯ ದೂರದ್ದಲ್ಲ. 2009ರಲ್ಲಿ ತಿಬೇತೀಯರೇ ನಡೆಸಿದ ಗಣತಿಯಲ್ಲಿ ಭಾರತದಲ್ಲಿ ಸುಮಾರು 94 ಸಾವಿರ ತಿಬೇತೀಯರಿದ್ದರು. ಅಲ್ಲಿಂದೀಚೆಗೆ ಸಂಖ್ಯೆ ಇಳಿಯುತ್ತಲೇ ಬಂದಿದೆ. ತರುಣರು ಯೂರೋಪಿಗೂ ಅಮೆರಿಕ ಕೆನಡಾಗಳಿಗೂ ಹೋಗುತ್ತಿದ್ದಾರೆ, ಇಲ್ಲವೆ ಬೆಂಗಳೂರಿಗೆ. ಕ್ಯಾಂಪುಗಳಲ್ಲಿ ಮುದುಕರು ಉಳಿದಿದ್ದಾರೆ. ಅಮಾ ಲಾ ಹಿಟ್ಟು ಹರಿಯುವ ಕೈ ನಿಂತ ದಿನ ಥೆನ್‌ಥುಕ್ ಕೂಡ ಪೊಟ್ಟಣದ ನೂಡಲ್ಸಿಗೆ ಎಡೆಮಾಡಿಕೊಡುತ್ತದೆ. ಈಗಾಗಲೇ ಕೆಲವು ಊಟದ ಮನೆಗಳ ಪಟ್ಟಿಯಲ್ಲಿ ಗೋಬಿ ಮಂಚೂರಿ ಮೇಲಕ್ಕೇರಿ ಟಿಂಗ್ಮೊ ಕೆಳಕ್ಕಿಳಿದಿದೆ. ಹೊರಗಿನಿಂದ ಬಂದವರು ಕೇಳುವುದು ಅದನ್ನೇ ಆದರೆ ಅವರಾದರೂ ಏನು ಮಾಡಿಯಾರು?

ಇದು ತಿಬೇತೀಯರ ಮಾತು ಮಾತ್ರವಲ್ಲ. ಈಗ ಬೇರೆ ತಾಲ್ಲೂಕಾಗಿರುವ ದಾಂಡೇಲಿಯಲ್ಲಿಯೂ ನೆರೆಯ ಜೋಯಿಡಾದಲ್ಲಿಯೂ ಕಾಳೀ ನದಿಯ ದಂಡೆಯುದ್ದಕ್ಕೂ ಪ್ರವಾಸಿಗರ ವಸತಿಗಳು ಎದ್ದಿವೆ. ಕಾಡು ನೋಡಲು ಬಂದವರಿಗೆ ರಾತ್ರಿ ಬಡಿಸುವುದೇನು? ಮತ್ತೆ ಅದೇ ‘ಚೈನೀಸ್, ನಾರ್ತ್ ಇಂಡಿಯನ್’. ಹೊರಗೆ ಅದೇ ಕಾಡಿನ ಅಂಚಿನಲ್ಲಿ ಕುಣಬಿಗಳು ಬಗೆಬಗೆಯ ಗೆಡ್ಡೆಗೆಣಸುಗಳನ್ನು ಬೆಳೆಯುತ್ತಾರೆ. ಜೋಯಿಡಾದಲ್ಲಿ ವರ್ಷಕ್ಕೊಮ್ಮೆ ನಡೆಯುವ ಗೆಡ್ಡೆಗೆಣಸು ಮೇಳದಲ್ಲಿ ಆಳಿನ ತೋಳುದ್ದದ ಮುಡ್ಲಿ ಕೆಸುವಿನ ಗೆಡ್ಡೆಗಳನ್ನು ನೋಡಿದವರು ಆಲೂಗಡ್ಡೆಯನ್ನು ಗೆಡ್ಡೆಯೆನ್ನಲು ನಾಚುತ್ತಾರೆ. ಕೆಂಪಿರುವೆಯ ಚಟ್ನಿಯನ್ನು ಜ್ವರಕ್ಕೂ ನೆಗಡಿಗೂ ಔಷಧವೆಂದು ತಿನ್ನುವ ಮನೆಗಳಿವೆ. ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ, ಎಮ್ಮೆ ಸಾಕುವ ಗೌಳಿಗಳಿದ್ದಾರೆ. ಗೌಳಿಗಳ ಬೆಣ್ಣೆಯ ರುಚಿ ಬಲ್ಲವರು ಪೇಟೆಯ ಬೆಣ್ಣೆಯನ್ನು ಮುಟ್ಟುವುದಿಲ್ಲ. ದಾಂಡೇಲಿಯಲ್ಲಂತೂ ಕಾಗದದ ಕಾರ್ಖಾನೆ ಬಂದ ಐವತ್ತರ ದಶಕದಿಂದ ದೇಶದ ನಾನಾ ಕಡೆಯ ಜನ ಬಂದು ನೆಲಸಿದ್ದಾರೆ. ಒಂದು ಕೇರಿಯಲ್ಲಿ ಹತ್ತು ಬಗೆಯ ಒಗ್ಗರಣೆ ಸಿಡಿಯುತ್ತದೆ. ಪ್ರಾಂತೀಯ ಅಡಿಗೆಯನ್ನು ಹುಡುಕಿಕೊಂಡು ಬೆಂಗಳೂರಿನಲ್ಲಿ ಅಲೆಯುವ ನಮ್ಮ ಹುಡುಗರು ಹುಟ್ಟಿದ್ದು ಇಂಥ ಸೀಮೆಯಲ್ಲಿ.

ಕಾಲೇಜುಗಳ ಕನ್ನಡ ವಿಭಾಗಗಳು ಜಾನಪದವೆಂದು ಹಾಡು ಕಥೆಗಳನ್ನು ಸಂಗ್ರಹಿಸಿದ್ದು ಸಾಕಷ್ಟಾಗಿದೆ. ಅಡಿಗೆಯ ಮಾತುಗಳನ್ನು ಸಂಗ್ರಹಿಸಿದ್ದು ತೀರ ಸ್ವಲ್ಪ. ಈ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳು ರಜೆಯಲ್ಲಿ ಒಂದೊಂದು ಮನೆಗೆ ಹೋಗಿ ಕುಳಿತು, ಪದಾರ್ಥದ ಹೆಸರು ಮನೆಯವರ ನುಡಿಯಲ್ಲಿ ಏನು, ಹಿಟ್ಟನ್ನು ನಾದುವುದಕ್ಕೆ, ಎಳೆಯುವುದಕ್ಕೆ, ಹರಿಯುವುದಕ್ಕೆ, ಗೆಡ್ಡೆಯನ್ನು ಸುಡುವುದಕ್ಕೆ, ನಂಜು ತೆಗೆಯುವುದಕ್ಕೆ ಅವರು ಯಾವ ಮಾತುಗಳನ್ನು ಬಳಸುತ್ತಾರೆ ಎಂದು ಬರೆದುಕೊಳ್ಳಲಿ. ಕೊಂಕಣಿಯ ಮಾತಾದರೆ ಕೊಂಕಣಿಯಲ್ಲಿ, ತಿಬೇತಿಯದಾದರೆ ತಿಬೇತಿಯಲ್ಲಿ, ಕನ್ನಡ ಲಿಪಿಯಲ್ಲಿ ಕೇಳಿದಂತೆ ಬರೆಯಲಿ. ಅಂಕಗಳಿಗಾಗಿ ಬರೆಯುವ ಎಷ್ಟೋ ಪ್ರಬಂಧಗಳಿಗಿಂತ ಇದು ಹೆಚ್ಚು ಕಾಲ ಬಾಳುತ್ತದೆ. ಗಾಡಿಯವರಿಗೆ ನಾವು ಕೇಳುವುದು ಇನ್ನೂ ಸಣ್ಣ ಉಪಕಾರ. ಮಂಚೂರಿಗೆ ಮಂಚೂರಿಯೆಂದೇ ಇರಲಿ. ಅದಕ್ಕೆ ಬೇರೆ ತೌರಿಲ್ಲ. ಮೊಮೊ, ಥುಕ್ಪಗಳ ಮುಂದೆ ಮಾತ್ರ ‘ತಿಬೇತಿ’ ಎಂಬ ಮೂರಕ್ಷರ ಸೇರಿಸಲಿ. ಬಣ್ಣದ ಖರ್ಚು ಹೆಚ್ಚಾಗುವುದಿಲ್ಲ.

ಹೋಗಬೇಕೆನ್ನುವ ವಾಚಕರಿಗೆ ಒಂದೆರಡು ಸೂಚನೆ. ಕ್ಯಾಂಪಿನೊಳಗೆ ಹೋಗಲು ವಿದೇಶೀಯರಿಗೆ ಸರಕಾರದ ಅಪ್ಪಣೆ ಬೇಕು, ನಮಗೆ ಬೇಡ. ಫೆಬ್ರವರಿ ಮಾರ್ಚಿಗಳ ನಡುವೆ ಬರುವ ಲೋಸಾರ್, ಎಂದರೆ ಅವರ ಹೊಸವರ್ಷದ ದಿನಗಳಲ್ಲಿ ಊಟದ ಮನೆಗಳನ್ನು ನಂಬಿ ಹೋಗುವುದು ಬೇಡ. ಅಂದು ಎಲ್ಲರೂ ತಮ್ಮ ತಮ್ಮ ಮನೆಗಳಲ್ಲಿರುತ್ತಾರೆ. ಥೆನ್‌ಥುಕ್ ಕೇಳಿದ ಮೇಲೆ ಸ್ವಲ್ಪ ಕಾಯಬೇಕಾಗುತ್ತದೆ, ಹಿಟ್ಟು ಹರಿಯುವುದು ಆಮೇಲೆಯೇ.